ಅರ್ಥ ಹೇಳುವ ಮಾಣಿಕಪ್ಪ ಮತ್ತು ಇಲ್ಲದ ತಗ್ಗು

ವಲಾಂಡಿಯ ಜವಳಿ ವ್ಯಾಪಾರಿ ಮಾಣಿಕಪ್ಪ ಒಂದೇ ಮನೆಯಲ್ಲಿ ಹುಟ್ಟಿ, ಅದೇ ಮನೆಯಲ್ಲಿ ಬೆಳೆದು, ಐವತ್ತು ದಾಟುವುದರೊಳಗೆ ನಾಲ್ಕು ಸರಕಾರ ಕಂಡಿದ್ದ. ಮೊದಲು ನಿಜಾಮ, ಆಮೇಲೆ ಹೈದರಾಬಾದ್ ರಾಜ್ಯ, ಆಮೇಲೆ ಮುಂಬಯಿ ರಾಜ್ಯ, ಕೊನೆಗೆ ಮಹಾರಾಷ್ಟ್ರ. ಅವನು ಜಾಗ ಬಿಟ್ಟು ಕದಲಲಿಲ್ಲ. ಸರಕಾರಗಳೇ ಬಂದು ಹೋದವು. ಇದರಿಂದ ಅವನಿಗಾದ ತೊಂದರೆ ಒಂದೇ, ಲಿಪಿಯದು. ಶಾಲೆಯಲ್ಲಿ ಕಲಿತದ್ದು ಉರ್ದು, ಮಠದಲ್ಲಿ ಕಲಿತದ್ದು ಕನ್ನಡ, ಸರಕಾರ ಬರೆಯಲು ಶುರುಮಾಡಿದ್ದು ಮರಾಠಿ. ಮರಾಠಿ ಮಾತಿನಲ್ಲಿ ಪೇಟೆಯ ಯಾರೂ ಅವನನ್ನು ಸೋಲಿಸುವಂತಿರಲಿಲ್ಲ. ಅದೇ ಮರಾಠಿ ಅಚ್ಚಾಗಿ ಬಂದರೆ ಮಾತ್ರ ಎರಡು ಸಾಲಿಗೊಮ್ಮೆ ಅವನಿಗೆ ಕೆಮ್ಮು ಬರುತ್ತಿತ್ತು.

ಕೆಮ್ಮು ಬಂದಾಗ ಕಾಗದ ಹೆಂಡತಿ ಸುಗಂಧಾಳ ಕೈಗೆ ಹೋಗುತ್ತಿತ್ತು. ಅವಳು ಉದಗೀರಿನ ಕಾಳಿನ ವ್ಯಾಪಾರಿಯ ಮಗಳು, ಮರಾಠಿ ಏಳನೇ ಇಯತ್ತೆ ಮುಗಿಸಿದವಳು, ಕೆಮ್ಮದೆ ಓದುವವಳು.

ಊರಿನ ಮಠದಲ್ಲಿ ಪ್ರತಿ ಶ್ರಾವಣದಲ್ಲಿ ಪುರಾಣ ನಡೆಯುತ್ತಿತ್ತು. ಒಬ್ಬರು ಓದುವವರು, ಒಬ್ಬರು ಅರ್ಥ ಹೇಳುವವರು, ಮತ್ತು ಸಭೆಯ ಪರವಾಗಿ ಸಾಲಿಗೊಮ್ಮೆ ‘ಹೂಂ’ ಅನ್ನುವವರು ಒಬ್ಬರು. ಅರ್ಥ ಹೇಳುವ ಗಾದಿ ಮಾಣಿಕಪ್ಪನ ಮನೆತನದ್ದು. ಆ ಗಾದಿಗೆ ಒಂದು ಕಟ್ಟಳೆ ಇತ್ತು. ಓದಿದ ಸಾಲಿಗೆ ಅರ್ಥ ಹೇಳದೆ ಮುಂದಿನ ಸಾಲಿಗೆ ಹೋಗುವಂತಿಲ್ಲ. ‘ಇದಕ್ಕೆ ಅರ್ಥ ಇಲ್ಲ’ ಎಂದು ಬಾಯಿಬಿಟ್ಟವನು ಗಾದಿಯಿಂದ ಇಳಿಯಬೇಕು. ಮಾಣಿಕಪ್ಪನ ಅಪ್ಪ ಜಗದೇವಪ್ಪ ಒಮ್ಮೆ ಹೊತ್ತಿಗೆಯಲ್ಲಿ ಹುಳು ತಿಂದು ತೂತಾದ ಜಾಗಕ್ಕೂ ಅರ್ಥ ಹೇಳಿದ್ದನಂತೆ: ಶಿವಜ್ಞಾನದ ರುಚಿ ಹುಳಕ್ಕೂ ಹತ್ತಿತು, ಎಂದು. ಇಂಥ ಅಪ್ಪನ ಮಗನಿಗೆ ಗೊತ್ತಿಲ್ಲದ ಸಂಗತಿ ಎಂಬುದು ಇರಲು ಸಾಧ್ಯವೇ ಇರಲಿಲ್ಲ.

ಎಪ್ಪತ್ತೆರಡರ ಶ್ರಾವಣದಲ್ಲಿ ಪುರಾಣ ಮುಗಿಯಿತು, ಮಳೆ ಶುರುವಾಗಲೇ ಇಲ್ಲ. ಲಗ್ನಗಳು ಮುಂದಕ್ಕೆ ಹೋದವು, ಹಾಗಾಗಿ ಅಂಗಡಿಯಲ್ಲಿ ಖಣ, ಧೋತರ, ಮಂಜರಪಾಟಿನ ಒರಟು ಬಟ್ಟೆ ಕಪಾಟಿನಿಂದ ಇಳಿಯಲಿಲ್ಲ. ಹೊಲದಲ್ಲಿ ಕೆಲಸವಿಲ್ಲದವರು ಸಂಜೆ ಅಂಗಡಿಯ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು. ಉದಗೀರಿನ ಬಸ್ಸು ಹಿಂದಿನ ದಿನದ ಮರಾಠಿ ಪತ್ರಿಕೆಯನ್ನು ತಂದು ಎಸೆಯುತ್ತಿತ್ತು. ಒಂದು ಸಂಜೆ ಯಾರೋ, ವಿಧಾನಸಭೆಯಲ್ಲಿ ಏನು ನಡೆದಿದೆ ಎಂದು ಕೇಳಿದರು. ಸುಗಂಧಾ ಓದಿದಳು. ಓದು ನಿಂತ ತಕ್ಷಣ ಮಾಣಿಕಪ್ಪನ ಬಾಯಿ ಅಭ್ಯಾಸಬಲದಿಂದ ಅರ್ಥ ಹೇಳತೊಡಗಿತು. ಮಠದಲ್ಲಿ ಹೂಂ ಹೇಳುತ್ತಿದ್ದ, ಒಕ್ಕಲುತನದ ರೇವಣಪ್ಪ ಅಲ್ಲೇ ಕೂತಿದ್ದ. ಅವನ ಬಾಯಿಯೂ ಅಭ್ಯಾಸಬಲದಿಂದ ಹೂಂ ಅಂದಿತು. ಹೀಗೆ ವಲಾಂಡಿಯಲ್ಲಿ ಸರಕಾರದ ಪುರಾಣ ಶುರುವಾಯಿತು.

ಪುರಾಣದ ರೀತಿ ಎಂದ ಮೇಲೆ ರೀತಿ. ಓದುವವರನ್ನು ಬಹುವಚನದಲ್ಲಿ ಕರೆಯಬೇಕು. ಮನೆಯೊಳಗೆ ‘ಏ, ಇಲ್ಲಿ ಕೇಳ್’ ಎನ್ನಿಸಿಕೊಳ್ಳುತ್ತಿದ್ದ ಸುಗಂಧಾ ಕಟ್ಟೆಯ ಮೇಲೆ ‘ವಾಚಕರೇ’ ಆದಳು. ಅದೊಂದು ಗಳಿಗೆಗಾಗಿಯೇ ತಾನು ಓದುತ್ತಿದ್ದೆ ಎಂದು ಅವಳು ಆಮೇಲೆ ಹೇಳುತ್ತಿದ್ದಳು.

“ವಾಚಕರೇ, ಮುಂದ?”

“ವಿರೋಧ ಪಕ್ಷದವ್ರು ಸಭಾತ್ಯಾಗ ಮಾಡ್ಯಾರ,” ಎಂದು ಸುಗಂಧಾ ಓದಿದಳು.

“ಲಗ್ನದಾಗ ಬೀಗರು ಸಿಟ್ಟಿಲೆ ಎಲಿ ಬಿಟ್ಟು ಏಳ್ತಾರಲ್ಲ, ಹಂಗ,” ಎಂದ ಮಾಣಿಕಪ್ಪ. “ಹೊರಗ ಬಂದು ಚಪ್ಪಲಿ ಮೆಟ್ಕೋತಾರ, ಖರೇ, ಆದ್ರ ಹೋಗಂಗಿಲ್ಲ. ಅಂಗಳದಾಗ ನಿಂತು ಒಳಗ ಏನ್ ಬಡಸ್ಲತ್ತಾರ ಅಂತ ಮೂಸಿ ನೋಡ್ತಾರ. ಹೋಳಿಗಿ ಬಂತೋ, ಮತ್ತ ಒಳಗ.”

“ಹೂಂ. ಮತ್ತ ಒಳಗ ಕುಂತವ್ರು?” ರೇವಣಪ್ಪ ಕೇಳಿದ.

“ಅವ್ರು ಎದ್ದುಹೋದವ್ರ ಪಾಲಿಂದೂ ಉಣ್ತಾರ. ಅದಕ್ಕ ಬಹುಮತ ಅಂತಾರ.”

ಬೇಡಿಕೆ ‘ವಿಚಾರಾಧೀನ’ವಾಗಿದೆ ಎಂದು ಮಂತ್ರಿಗಳು ಉತ್ತರಿಸಿದ್ದರು. ಮಾಣಿಕಪ್ಪ ಒಂದು ಕ್ಷಣವೂ ತಡೆಯಲಿಲ್ಲ. “ಹೆಣ್ಣ ನೋಡ್ಲಾಕ ಬಂದವ್ರು ಅವಲಕ್ಕಿ ತಿಂದು, ಚಹಾ ಕುಡ್ದು, ಕಾಗದ ಹಾಕ್ತೀವಿ ಅಂತ ಎದ್ದು ಹೋಗ್ತಾರಲ್ಲ, ಅದು.”

“ನಮ್ಮನಿ ಹುಡುಗಿ ಶಿವಕಾಂತಾನ್ನ ನೋಡಿಹೋದವ್ರು ಇನ್ನಾ ಕಾಗದ ಹಾಕ್ಲತ್ತಾರ,” ಎಂದಳು ಶೇವಂತಾಬಾಯಿ. ಇವಳು ಪಕ್ಕದ ಓಣಿಯ ಒಕ್ಕಲು ಮನೆಯ ಹೆಂಗಸು, ಮಾಣಿಕಪ್ಪನನ್ನು ಕಾಕಾ ಎಂದು ಕರೆಯುವವಳು, ಅವನು ಹೇಳಿದ ಅರ್ಥಕ್ಕೆ ಬಾಲ ಹಚ್ಚದೆ ಬಿಡದವಳು.

ಆ ವರ್ಷ ರೇಷನ್ ಅಂಗಡಿಗೆ ಅಮೇರಿಕಾದ ಕೆಂಪು ಜೋಳ ಬಂದಿತ್ತು. ಮಿಲೋ ಎನ್ನುತ್ತಿದ್ದರು. ರೊಟ್ಟಿ ಬಡಿದರೆ ಅಂಚು ಹರಿಯುತ್ತಿತ್ತು, ಬೇಯಿಸಿದರೆ ಚಪ್ಪಲಿಯ ಅಟ್ಟೆಯ ಬಣ್ಣಕ್ಕೆ ತಿರುಗುತ್ತಿತ್ತು. ಅಲ್ಲಿ ಇದನ್ನು ದನಕ್ಕೆ ಹಾಕುತ್ತಾರಂತೆ, ನಿಜವೇ ಎಂದು ಕಟ್ಟೆ ಕೇಳಿತು.

“ಅಲ್ಲಿ ದನಾ ತಿಂದು ಉಳಿದದ್ದು ಇಲ್ಲಿ ವೋಟ್ ಹಾಕವ್ರಿಗಿ ಬರ್ತದ,” ಎಂದ ಮಾಣಿಕಪ್ಪ. “ಇದಕ್ಕ ಪರದೇಶ ಧೋರಣಾ ಅಂತಾರ.”

“ಹೂಂ,” ಎಂದ ರೇವಣಪ್ಪ, ಹಲ್ಲಿನಲ್ಲಿ ಸಿಕ್ಕ ಮಿಲೋ ತೆಗೆಯುತ್ತ.

ಈ ಪುರಾಣದ ಕೀರ್ತಿ ನಿಲಂಗಾದ ಸಂತೆಯ ತನಕ ಹೋಯಿತು. ಶಿರೂರ ಅನಂತಪಾಳದಿಂದ ಒಬ್ಬ ಶಿಕ್ಷಕ ಬಂದು ಎರಡು ಸಂಜೆ ಕೇಳಿ, ಇದರಲ್ಲಿ ಅರ್ಧ ತಪ್ಪು ಎಂದು ಹೇಳಿ ಹೋದ. ಸರಿಯಾದ ಅರ್ಧ ಯಾವುದು ಎಂದು ಅವನು ಹೇಳಲಿಲ್ಲ, ಹಾಗಾಗಿ ಯಾರಿಗೂ ನಷ್ಟವಾಗಲಿಲ್ಲ.

ನಿಜವಾದ ತಪ್ಪು ಆದದ್ದು ಚಳಿಗಾಲದ ಅಧಿವೇಶನದಲ್ಲಿ.

ಆ ಹೊತ್ತಿಗೆ ಊರಿನ ಅರ್ಧ ಜನ ಉದಗೀರ ರಸ್ತೆಯ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದರು. ಅದು ಬಹಳ ದೂರ. ನಸುಕಿನಲ್ಲಿ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರಬೇಕು. ಶೇವಂತಾಬಾಯಿ ಮೊದಲ ದಿನ ಮುಖದ ತುಂಬ ಸೆರಗು ಎಳೆದುಕೊಂಡು ಹೋಗಿದ್ದಳು. ಸ್ವಂತ ಹೊಲವಿದ್ದ ಮನೆಯವಳು ರಸ್ತೆ ಬದಿಗೆ ಕೂತು ಕಲ್ಲು ಒಡೆಯುವುದನ್ನು ಯಾರಾದರೂ ನೋಡಿಯಾರು ಎಂದು. ಅಲ್ಲಿ ಹೋಗಿ ನೋಡಿದರೆ ನೋಡಬಾರದವರೆಲ್ಲ ಸೆರಗು ಎಳೆದುಕೊಂಡು ಕಲ್ಲು ಒಡೆಯುತ್ತಿದ್ದರು. ಸೆರಗು ಹಿಂದಕ್ಕೆ ಹೋಯಿತು. ದೂರ ಮಾತ್ರ ಕಡಿಮೆಯಾಗಲಿಲ್ಲ. ಊರಿನಲ್ಲೇ ಒಂದು ಕಾಮಗಾರಿ ಬರಲಿ ಎಂಬುದು ಎಲ್ಲರ ಒಂದೇ ಬೇಡಿಕೆಯಾಗಿತ್ತು.

ಆ ಸಂಜೆ ಸುಗಂಧಾ ಓದುತ್ತ ಓದುತ್ತ ಒಂದು ಸಾಲಿಗೆ ನಿಂತಳು. ಒಬ್ಬ ಸದಸ್ಯರ ಪ್ರಶ್ನೆಗೆ ಉತ್ತರಿಸಿದ ಮಂತ್ರಿಗಳು, ವಲಾಂಡಿ ಶಿವಾರದ ಗಾಯರಾಣದಲ್ಲಿ ಪಾಝರ ತಲಾವು ಎಂಬ ಕೆರೆಯ ಕೆಲಸ ಕೈಗೆತ್ತಿಕೊಳ್ಳಲಾಗುವುದು ಎಂದು ಸಭಾಗೃಹಕ್ಕೆ ತಿಳಿಸಿದ್ದರು. ಗಾಯರಾಣ ಎಂದರೆ ಊರ ಹೊರಗಿನ ಸರಕಾರಿ ಹುಲ್ಲುಗಾವಲು. ಹುಲ್ಲು ಆಗಲೇ ಇರಲಿಲ್ಲ.

ವಲಾಂಡಿ ಎಂಬ ಹೆಸರು ಅಚ್ಚಿನಲ್ಲಿ ಬಂದದ್ದು ಕಟ್ಟೆಗೆ ಅದೇ ಮೊದಲು. ಮಾಣಿಕಪ್ಪ ಎದ್ದು ನಿಂತ. ಅವನು ಇಷ್ಟು ವರ್ಷ ಅರ್ಥ ಹೇಳಿದ ಪುರಾಣದಲ್ಲಿ ಶಿವ ಕೈಲಾಸದ ಸಭೆಯಲ್ಲಿ ಒಂದು ಮಾತು ಆಡಿದರೆ ಭೂಮಿಯ ಮೇಲೆ ಅದು ಆ ಗಳಿಗೆಯಲ್ಲೇ ಆಗಿಬಿಡುತ್ತಿತ್ತು. ಮಾತಿಗೂ ಘಟನೆಗೂ ನಡುವೆ ಯಾವ ಕಚೇರಿಯೂ ಇರಲಿಲ್ಲ. ಹಾಗೆಯೇ ಅವನು ಅರ್ಥ ಹೇಳಿದ. ಸಭೆಯಲ್ಲಿ ಮಾತು ಬಿತ್ತು, ಕೆರೆ ಆಯಿತು. ಇಷ್ಟಕ್ಕೇ ಬಿಟ್ಟಿದ್ದರೆ ಊರು ನಕ್ಕು ಏಳುತ್ತಿತ್ತು. ಅವನು ಕರ್ಪೂರ ತರಿಸಿ ಮಂಗಳ ಹಾಡಿಸಿದ. ಮಂಗಳವಾದ ಅಧ್ಯಾಯದ ಬಗ್ಗೆ ಮತ್ತೆ ಯಾರೂ ಪ್ರಶ್ನೆ ಕೇಳುವ ರೂಢಿ ಇಲ್ಲ. ವಿಭೂತಿ ಹಚ್ಚಿಕೊಂಡು ಮನೆಗೆ ಹೋಗುವುದು, ಅಷ್ಟೇ.

ಮರುದಿನ ಬೆಳಿಗ್ಗೆ ಊರು, ಕಾಮಗಾರಿ ಶುರುವಾಯಿತು ಎಂದೇ ನಂಬಿ, ಗುದ್ದಲಿ, ಬುಟ್ಟಿ ಹಿಡಿದು ಗಾಯರಾಣಕ್ಕೆ ಹೋಯಿತು. ಕಲ್ಲು ಒಡೆಯುತ್ತಿದ್ದವರು ಅಲ್ಲಿ ಕೂಲಿಯವರ ಮೇಲಿದ್ದ ಮುಕಾದಮನಿಗೆ ಹೇಳಿಕಳಿಸಿ ಹಾಜರಿಯಿಂದ ಹೆಸರು ತೆಗೆಸಿದರು. ಆ ಜಾಗಕ್ಕೆ ಬೇರೆ ಊರಿನವರು ಅಂದೇ ಬಂದು ಕೂತರು.

ನೆಲ ಬರದಲ್ಲಿ ಕಲ್ಲಿನಂತಾಗಿತ್ತು. ಆದರೂ ತಗ್ಗು ಮೊದಲು ಮೊಣಕಾಲುದ್ದ, ಆಮೇಲೆ ಸೊಂಟದುದ್ದ ಇಳಿಯಿತು. ಸರಕಾರ ಮಾತ್ರ ಬರಲಿಲ್ಲ. ಹಾಜರಿ ಹಿಡಿಯುವವರಿಲ್ಲ, ಅಳತೆ ಮಾಡುವವರಿಲ್ಲ. ಸಂಜೆ ಕಟ್ಟೆಯ ಮೇಲೆ ಮಾಣಿಕಪ್ಪ ಭಕ್ತರನ್ನು ಶಿವ ಪರೀಕ್ಷೆ ಮಾಡಿದ ಕಥೆಗಳನ್ನು ಹೇಳಿದ. ರೇವಣಪ್ಪನ ಹೂಂ ದಿನದಿಂದ ದಿನಕ್ಕೆ ಸಣ್ಣದಾಗಿ, ಒಂದು ಸಂಜೆ ಬರೀ ಮೂಗಿನಿಂದ ಬಂತು.

“ಕಾಕಾ,” ಎಂದಳು ಶೇವಂತಾಬಾಯಿ. ಅಂಗೈಯ ಬೊಬ್ಬೆ ಒಡೆದು, ಅದಕ್ಕೆ ಮಾಣಿಕಪ್ಪನ ಅಂಗಡಿಯದೇ ಮಂಜರಪಾಟಿನ ಚೂರು ಸುತ್ತಿಕೊಂಡಿದ್ದಳು. “ಅಲ್ಲಿ ಕೆಲ್ಸ ಬಿಟ್ ಬಂದೀವಿ. ಇಲ್ಲಿ ಕೆಲ್ಸ ಅದನೋ ಇಲ್ಲೋ ಯಾರಿಗೂ ಗೊತ್ತಿಲ್ಲ. ನಿನ್ನ ಶಿವಾ ಪರೀಕ್ಷಾ ಮಾಡ್ಲಿ, ಬ್ಯಾಡ ಅನ್ನಂಗಿಲ್ಲ. ಪಾಸೋ ನಾಪಾಸೋ ಒಮ್ಮಿ ಹೇಳಂತ ಹೇಳು.”

ಮನೆಯೊಳಗೆ ಸುಗಂಧಾ ಇನ್ನೂ ಸ್ಪಷ್ಟವಾಗಿ ಹೇಳಿದಳು. “ಮಾಡ್ತೀವಿ ಅಂತ ಬರ್ದಿತ್ರೀ. ಮಾಡೀವಿ ಅಂತಲ್ಲ. ನಾ ಸರಿಯಾಗೇ ಓದೀನಿ. ಮಂಗಳ ಹಾಡ್ಸಿದವ್ರು ನೀವು.”

“ಓದೂದು ನಿನ್ ಕೆಲ್ಸ, ಅರ್ಥ ನಂದು.”

“ಹಂಗಾರ ತಗ್ಗೂ ನಿಮ್ದೇ. ನಾಳಿ ಹೋಗಿ ಸರಕಾರಕ್ಕ ಕರ್ಕೊಂಡ್ ಬರ್ರಿ.”

ಮಾಣಿಕಪ್ಪ ಮರುದಿನದ ಬಸ್ಸಿಗೆ ಉದಗೀರಿಗೆ ಹೋದ. ಕೆಲಸಕ್ಕೆ ಸಂಬಂಧಪಟ್ಟ ಕಚೇರಿ ಯಾವುದು ಎಂದು ತಿಳಿಯಲು ಮೂರು ಕಚೇರಿಗೆ ಹೋಗಬೇಕಾಯಿತು. ಸಿಕ್ಕ ಕಚೇರಿಯ ಗುಮಾಸ್ತ, ಇಂಥ ಕೆಲಸದ ಬಗ್ಗೆ ತಮಗೆ ಏನೂ ಬಂದಿಲ್ಲ, ಸಭಾಗೃಹದ ಮಾತು ಮುಂಬಯಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ಇಲ್ಲಿಗೆ ಇಳಿದು ಬರಬೇಕು ಎಂದ.

“ಸಾಹೇಬ್ರ, ಆ ಮಾತು ನನ್ನ ದುಕಾನಕ್ಕ ಬಸ್ಸಿನ್ಯಾಗ ಬಂದು ಎಷ್ಟೋ ದಿನಾ ಆಯ್ತು. ನಿಮ್ಮ ಕಚೇರಿಗಿ ನಡ್ಕೊತ ಬರ್ಲತ್ತದೇನು?”

ಗುಮಾಸ್ತನಿಗೆ ನಗು ಬಂತು. ಮಾಣಿಕಪ್ಪ ತಾನು ತಂದಿದ್ದ ಪತ್ರಿಕೆ ತೆಗೆದು ಮೇಜಿನ ಮೇಲೆ ಹರಡಿದ. ಅದನ್ನು ಗುಮಾಸ್ತ ಓದಿ, ಒಳಗೆ ಒಯ್ದ. ಒಳಗಿನವರೂ ಓದಿದರು. ತಮ್ಮ ಇಲಾಖೆ ಏನು ಮಾಡಲಿದೆ ಎಂಬುದು ಆ ಕಚೇರಿಗೆ ತಿಳಿದದ್ದು ಹೀಗೆ. ಸಭಾಗೃಹದಲ್ಲಿ ಆಡಿದ ಮಾತನ್ನು ನಾಳೆ ಯಾರಾದರೂ ಮತ್ತೆ ಕೇಳಿಯಾರು ಎಂಬ ಭಯವೂ ಹುಟ್ಟಿತು. ವಾರ ಕಳೆಯುವುದರೊಳಗೆ ಗಾಯರಾಣದ ಮೇಲೆ ಒಂದು ಜೀಪು ಧೂಳೆಬ್ಬಿಸಿತು.

ಬಂದ ಇಂಜಿನಿಯರ ಸಾತಾರಾ ಕಡೆಯವನು. ಕೆಟ್ಟವನಲ್ಲ. ನಕಾಶೆ ಹಿಡಿದುಕೊಂಡು ತಗ್ಗಿನೊಳಗೆ ಇಳಿದ. ತಗ್ಗು ಆಗ ಅವನ ಎದೆಮಟ್ಟಕ್ಕಿತ್ತು. ಒಳಗೆ ನಿಂತು, ನಕಾಶೆ ನೋಡಿ, ಸುತ್ತಲೂ ನೋಡಿ ಹೇಳಿದ: “ಇಥೇ ಖಡ್ಡಾ ನಾಹೀ.”

ಇಲ್ಲಿ ತಗ್ಗು ಇಲ್ಲ. ದಂಡೆಯ ಮೇಲಿದ್ದವರು ಬಗ್ಗಿ ನೋಡಿದರು. ಸಾಹೇಬರ ತಲೆ ಮತ್ತು ಹೆಗಲು ಮಾತ್ರ ಕಾಣುತ್ತಿದ್ದವು.

ಅವನು ತಾಳ್ಮೆಯಿಂದಲೇ ವಿವರಿಸಿದ. ಕಾಗದದಲ್ಲಿ ಈ ನೆಲ ಸಪಾಟಾಗಿದೆ. ಕೆಲಸ ಶುರುವಾಗುವುದು ತಾನು ಸುಣ್ಣದ ಗೆರೆ ಎಳೆದ ಮೇಲೆ. ಗೆರೆಗಿಂತ ಮೊದಲು ತೋಡಿದ್ದು ತೋಡಿದಂತಲ್ಲ. ತಗ್ಗು ಇದೆ ಎಂದು ಬರೆದರೆ ಯಾರು ತೋಡಿದರು ಎಂದು ಮೇಲಿನವರು ಕೇಳುತ್ತಾರೆ. ಕೂಲಿಯಿಲ್ಲದೆ ತೋಡುವಷ್ಟು ಜನರಲ್ಲಿ ಶಕ್ತಿ ಇದ್ದರೆ ಅಲ್ಲಿ ಬರಗಾಲವೇ ಇಲ್ಲ ಎನ್ನುತ್ತಾರೆ. ಆದ್ದರಿಂದ ಇದನ್ನು ತುಂಬಿ ನೆಲ ಸಪಾಟು ಮಾಡಿ. ತುಂಬಿದ ಮರುದಿನ ಗೆರೆ ಎಳೆದು, ಹಾಜರಿ ಹಿಡಿದು, ಇದೇ ಜಾಗದಲ್ಲಿ ತೋಡಿಸುತ್ತೇನೆ. ಆಗದಿದ್ದರೆ ಜಳಕೋಟದವರು ಇಂಥದೇ ಕೆಲಸ ಕೇಳುತ್ತಿದ್ದಾರೆ, ಅಲ್ಲಿಗೆ ಹೋಗುತ್ತದೆ.

ಜನ ಗುದ್ದಲಿ ಕೆಳಗಿಟ್ಟರು. ಸಾಹೇಬನಿಗೆ ಅದು ಇಷ್ಟವಾಗಲಿಲ್ಲ. ಮಾಣಿಕಪ್ಪನ ಕಡೆ ತಿರುಗಿ, ಇವರು ನಿಮ್ಮ ಮಾತು ಕೇಳುತ್ತಾರಂತೆ, ಸ್ವಲ್ಪ ತಿಳಿಸಿ ಹೇಳಿ ಎಂದ.

ರೂಢಿಯಂತೆ ಎಲ್ಲರೂ ದಂಡೆಯ ಮೇಲೆ ಕೂತರು. ಸುಗಂಧಾ ಸಾಹೇಬ ಹೇಳಿದ್ದನ್ನು ಓದಿನ ಧಾಟಿಯಲ್ಲೇ ಕನ್ನಡದಲ್ಲಿ ಹೇಳಿದಳು: ತಗ್ಗು ಇಲ್ಲ, ಇಲ್ಲದ ತಗ್ಗು ತುಂಬಬೇಕು, ತುಂಬಿದ ಮೇಲೆ ತೋಡಬೇಕು. ಹೇಳಿ, ಗಂಡನ ಮುಖ ನೋಡಿದಳು.

ಮಾಣಿಕಪ್ಪನ ಹತ್ತಿರ ಅರ್ಥ ಸಿದ್ಧವಾಗಿತ್ತು. ಅವನೇ ಆಮೇಲೆ ಒಪ್ಪಿಕೊಂಡಂತೆ, ಅವನ ಜೀವನದ ಅತಿ ಚೆಂದದ ಅರ್ಥ ಅದಾಗಬಹುದಿತ್ತು. ಶಿವ ಸೃಷ್ಟಿ ಮಾಡುತ್ತಾನೆ, ಲಯ ಮಾಡುತ್ತಾನೆ, ಮತ್ತೆ ಸೃಷ್ಟಿ ಮಾಡುತ್ತಾನೆ. ಹಾಗೆಯೇ ತೋಡು, ತುಂಬು, ಮತ್ತೆ ತೋಡು. ಹೇಳಿದ್ದರೆ ಜನ ನಂಬುತ್ತಿದ್ದರು. ತುಂಬುತ್ತಿದ್ದರು. ಗಾದಿ ಉಳಿಯುತ್ತಿತ್ತು, ಕಾಮಗಾರಿಯೂ ಉಳಿಯುತ್ತಿತ್ತು. ಬಾಯಿ ತೆರೆದ. ಎದುರಿಗೆ ಶೇವಂತಾಬಾಯಿ ಮಂಜರಪಾಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಬಾಲ ಹಚ್ಚದೆ, ಸುಮ್ಮನೆ ಅವನನ್ನೇ ನೋಡುತ್ತಿದ್ದಳು. ಅವಳು ಸುಮ್ಮನಿದ್ದದ್ದನ್ನು ಅವನು ಅದುವರೆಗೆ ನೋಡಿರಲಿಲ್ಲ.

“ಇದಕ್ಕ ಅರ್ಥ ಇಲ್ಲ,” ಎಂದ ಮಾಣಿಕಪ್ಪ.

ಮನೆತನದ ಗಾದಿ ಎಲ್ಲರ ಕಣ್ಣೆದುರಿಗೆ ಹೋಗಿತ್ತು.

“ಹೂಂ,” ಎಂದ ರೇವಣಪ್ಪ. ಅಷ್ಟು ದೊಡ್ಡ ಹೂಂ ಮಠದ ಛಾವಣಿಯೂ ಕೇಳಿರಲಿಲ್ಲ. ಮೊದಲು ಹೆಂಗಸರು ನಕ್ಕರು, ಆಮೇಲೆ ಎಲ್ಲರೂ.

ಸಾಹೇಬ, ಇವರು ಏನಂದರು ಎಂದು ಸುಗಂಧಾಳನ್ನು ಕೇಳಿದ. ಅವಳು ಮರಾಠಿಯಲ್ಲಿ, ಕೆಮ್ಮದೆ, ಹೇಳಿದಳು. ಅವನು ತಗ್ಗಿನೊಳಗೆ ನಿಂತೇ ಟೋಪಿ ತೆಗೆದು ತಲೆ ಒರೆಸಿಕೊಂಡ. “ತೇ ಮಲಾ ಪಣ ಮಾಹೀತ ಆಹೇ,” ಎಂದ. ಅದು ನನಗೂ ಗೊತ್ತು.

ಆಗ ಶೇವಂತಾಬಾಯಿಗೆ ಬಾಯಿ ಬಂತು. “ಸಾಹೇಬ್ರ, ಒಂದ್ ಮಾತು. ತಗ್ಗ ಇಲ್ಲ ಅಂತ ನೀವೇ ಅಂದೀರಿ. ಇಲ್ಲದ್ದ ತುಂಬೂದು ಹ್ಯಾಂಗ್ರೀ? ನಾಳಿ ಮ್ಯಾಲಿನವ್ರು, ಇವ್ರು ಏನ್ ತುಂಬ್ಯಾರ ಅಂತ ಕೇಳಿದ್ರ ಏನ್ ಬರೀತೀರಿ?”

ಸುಗಂಧಾ ಇದನ್ನೂ ಮರಾಠಿಗೆ ತಿರುಗಿಸಿದಳು. ಇಂಜಿನಿಯರ ಬಹಳ ಹೊತ್ತು ನಕಾಶೆ ನೋಡಿದ. ತುಂಬಿದ್ದನ್ನು ಬರೆಯುವ ಜಾಗ ಅದರಲ್ಲಿ ಎಲ್ಲೂ ಇರಲಿಲ್ಲ. ಅವನು ಮೇಲೆ ಹತ್ತಿ ಬಂದು, ಜೀಪಿನಲ್ಲಿದ್ದ ಸುಣ್ಣದ ಬುಟ್ಟಿಯನ್ನು ತಾನೇ ಹೊತ್ತು, ಗಾಯರಾಣದ ಅಂಚಿನ ಒಣ ತೊರೆಯ ಮೇಲ್ಭಾಗಕ್ಕೆ ನಡೆದು, ಅಲ್ಲಿ ಗೆರೆ ಎಳೆಯತೊಡಗಿದ. ಇಲ್ಲದ ತಗ್ಗು ಗೆರೆಯ ಹೊರಗೆ ಉಳಿಯಿತು. ಹಾಜರಿ ಮರುದಿನವೇ ಶುರುವಾಯಿತು. ಮೊದಲ ಹೆಸರು ಶೇವಂತಾಬಾಯಿಯದು. ಸಾಲಿನಲ್ಲಿ ಅವಳೇ ಮುಂದೆ ನುಗ್ಗಿದ್ದಳು.

ಮುಂದಿನ ವರ್ಷ ಮಳೆ ಬಂತು. ಸರಕಾರಿ ತಲಾವು ತುಂಬಿತು, ಕೆಲವೇ ದಿನಗಳಲ್ಲಿ ಇಳಿಯಿತು. ಜನ ಗಾಬರಿಯಾದರು. ಪಾಝರ ತಲಾವು ಎಂದರೆ ಇಂಗುಕೆರೆ, ನೀರು ಇಂಗಿ ಹೋಗುವುದೇ ಅದರ ಕೆಲಸ ಎಂದು ಮಾಣಿಕಪ್ಪ ಹೇಳಬೇಕಾಯಿತು. ಸರಕಾರ ಕಟ್ಟಿದ ಕೆರೆಯಲ್ಲಿ ನೀರು ನಿಲ್ಲದಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ. ಇದನ್ನು ರೇವಣಪ್ಪ ನಂಬಲು ಎರಡು ಮಳೆಗಾಲ ಬೇಕಾದವು. ಬಾವಿಗಳಲ್ಲಿ ನೀರು ಏರಿದ್ದನ್ನು ಕಂಡ ಮೇಲೆ ಅರ್ಧ ಹೂಂ ಕೊಟ್ಟ. ಗೆರೆಯ ಹೊರಗಿನ ತಗ್ಗಿನಲ್ಲಿ ಮಾತ್ರ, ತಳ ಗಟ್ಟಿಯಿತ್ತೋ ಏನೋ, ನೀರು ನಿಂತಿತು. ಊರ ಎಮ್ಮೆಗಳೆಲ್ಲ ಕಾಗದದಲ್ಲಿಲ್ಲದ ಆ ನೀರಿನಲ್ಲಿ ಮಧ್ಯಾಹ್ನ ಕಳೆಯುತ್ತಿದ್ದವು.

ಗಾದಿಯ ವಿಷಯದಲ್ಲಿ ಮಠದ ಹಿರಿಯರು ಕಟ್ಟಳೆ ಮುರಿಯಲಿಲ್ಲ. ಮಾಣಿಕಪ್ಪನೂ ಕೇಳಲಿಲ್ಲ. ಮಳೆ ಬಂದ ವರ್ಷದ ಶ್ರಾವಣದಲ್ಲಿ ಉಮರಗಾದಿಂದ ಓಂಪ್ರಕಾಶ ಎಂಬ ಹೊಸಬ ಬಂದ. ಒಳ್ಳೆಯ ದನಿ, ಒಂದು ಸಾಲನ್ನೂ ಬಿಡದೆ ಅರ್ಥ ಹೇಳಿದ. ಮಾಣಿಕಪ್ಪ ಸಭೆಯಲ್ಲಿ ಕಂಬಕ್ಕೆ ಒರಗಿ ಕೂತು ಕೇಳಿದ. ಎರಡು ಕಡೆ ತಪ್ಪು ಎಂದು ಅವನಿಗೆ ಅನಿಸಿತು. ಅದನ್ನು ಮನೆಗೆ ಬಂದು ಸುಗಂಧಾಳಿಗೆ ಮಾತ್ರ ಹೇಳಿದ.

ಅಷ್ಟರಲ್ಲಿ ಕಟ್ಟೆ ತುಂಬಿತ್ತು. ಹಣೆಯ ವಿಭೂತಿ ಇನ್ನೂ ಒಣಗಿರಲಿಲ್ಲ. ಲೋಕಸಭೆಯಲ್ಲಿ ಏನೋ ಗದ್ದಲವಾಗಿದೆ ಎಂದು ಬಸ್ಸಿನವರು ಹೇಳಿದ್ದರು.

“ಮಠದಾಗ ಎಲ್ಲಾಕ್ಕೂ ಅರ್ಥ ಕೇಳಿ ಹೊಟ್ಟಿ ತುಂಬ್ಯದ, ಕಾಕಾ,” ಎಂದಳು ಶೇವಂತಾಬಾಯಿ, ಕಾಲು ಚಾಚಿ ಕೂರುತ್ತ. “ಈಗ ಅರ್ಥ ಇಲ್ಲದ್ದು ಯಾವ್ಯಾವ್ದು ಅದ, ಅದಷ್ಟ ಹೇಳಿಬಿಡು.”

ಮಾಣಿಕಪ್ಪ ಗಾದಿಯಿಲ್ಲದ ನೆಲದ ಮೇಲೆ ಕೂತು, ಮಂಜರಪಾಟಿನ ಥಾನಿಗೆ ಬೆನ್ನು ಕೊಟ್ಟ.

“ವಾಚಕರೇ,” ಎಂದ. ಸುಗಂಧಾ ಪತ್ರಿಕೆ ಬಿಚ್ಚಿದಳು.